ಗಲ್ಲಾದ ಮುಂದೆ ಕುಳಿತು ಕಲಿಯುವ ಲೆಕ್ಕ

ಹೋಟೆಲು ನಡೆಸುವ ನಾವು ಅಂದಾಜಿನ ಮೇಲೆ ಬದುಕುವವರು. ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು, ಎಷ್ಟು ಹಾಲಿಗೆ ಹೇಳಬೇಕು, ಯಾರನ್ನು ಯಾವ ಪಾಳಿಗೆ ಹಾಕಬೇಕು, ಎಲ್ಲವೂ ಅಂದಾಜೇ. ಅನುಭವದ ಅಂದಾಜು ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಆದರೆ ಒಮ್ಮೊಮ್ಮೆ ಅದು ದಾರಿ ತಪ್ಪಿಸಿ, ತಪ್ಪು ಮಾಡದವನ ಅನ್ನಕ್ಕೆ ಕಲ್ಲು ಹಾಕಿಸುವುದೂ ಉಂಟು. ಇದನ್ನು ತಪ್ಪಿಸಲು ಗಣಿತದ ಎರಡು ವಿಚಾರಗಳು ನಮಗೆ ನೆರವಾಗುತ್ತವೆ: ಷರತ್ತುಬದ್ಧ ಸಂಭವನೀಯತೆ ಮತ್ತು ಸ್ವತಂತ್ರ ಘಟನೆಗಳು. ಹೆಸರು ದೊಡ್ಡದು, ಲೆಕ್ಕ ಸಣ್ಣದು. ಇಲ್ಲಿನ ಹೋಟೆಲು ಲೆಕ್ಕದ ಅಂಕಿಗಳು ಅಭ್ಯಾಸಕ್ಕಾಗಿ ನಾವೇ ಮಾಡಿಕೊಂಡವು.

ಯಾರ ನಡುವೆ ಎಣಿಸುತ್ತೇವೆ?

ಬೆಳಗಿನ 200 ಬಿಲ್ಲುಗಳನ್ನು ತೆಗೆದುಕೊಳ್ಳೋಣ. 100ರಲ್ಲಿ ಕಾಫಿ, 80ರಲ್ಲಿ ಮಸಾಲೆ ದೋಸೆ, 60ರಲ್ಲಿ ಎರಡೂ ಇವೆ. ಒಟ್ಟು ಬಿಲ್ಲುಗಳಲ್ಲಿ ಕಾಫಿಯ ಪಾಲು ಶೇ. 50. ಈಗ ದೋಸೆಯ 80 ಬಿಲ್ಲುಗಳನ್ನು ಮಾತ್ರ ಬೇರೆ ತೆಗೆಯಿರಿ. ಅವುಗಳಲ್ಲಿ 60ಕ್ಕೆ ಕಾಫಿ ಇದೆ, ಅಂದರೆ ಶೇ. 75. ಇದೇ ಷರತ್ತುಬದ್ಧ ಸಂಭವನೀಯತೆ. 'ದೋಸೆ ತಿಂದವರು' ಎಂಬ ಷರತ್ತು ಬಂದೊಡನೆ ನಾವು ಭಾಗಿಸುವ ಸಂಖ್ಯೆ 200 ಹೋಗಿ 80 ಆಯಿತು, ಅಷ್ಟೇ.

ಪ್ರಶ್ನೆಯನ್ನು ತಿರುಗಿಸಿದರೆ ಉತ್ತರವೂ ಬದಲಾಗುತ್ತದೆ. ಕಾಫಿ ಕುಡಿದವರಲ್ಲಿ ದೋಸೆ ತಿಂದವರು 100ಕ್ಕೆ 60. ಶೇ. 75 ಮತ್ತು ಶೇ. 60 ಎರಡನ್ನೂ ಒಂದೇ ಎಂದು ತಿಳಿಯುವುದು ತುಂಬಾ ಜನ ಮಾಡುವ ತಪ್ಪು.

ಇನ್ನು ಇಡ್ಲಿಯ ಬಿಲ್ಲು 60, ಅವುಗಳಲ್ಲಿ ಕಾಫಿ ಇರುವುದು 30 ಎನ್ನೋಣ. ಇಲ್ಲಿಯೂ ಶೇ. 50, ಒಟ್ಟಿನಲ್ಲಿಯೂ ಶೇ. 50. ಗಿರಾಕಿ ಇಡ್ಲಿ ಹೇಳಿದನೆಂದು ಕಾಫಿಯ ಬಗ್ಗೆ ನಮಗೆ ಹೊಸದೇನೂ ತಿಳಿಯಲಿಲ್ಲ. ಹೀಗಿದ್ದಾಗ ಇಡ್ಲಿ, ಕಾಫಿ ಪರಸ್ಪರ ಸ್ವತಂತ್ರ. ದೋಸೆ, ಕಾಫಿ ಸ್ವತಂತ್ರವಲ್ಲ.

ಗುಣಿಸುವ ಮೊದಲು

ದೋಸೆ ಹಾಕುವವನು 10 ದಿನಕ್ಕೊಮ್ಮೆ ಬರುವುದಿಲ್ಲ, ಅವನ ಬದಲಿಯೂ ಹಾಗೆಯೇ. ಇಬ್ಬರೂ ಒಂದೇ ದಿನ ತಪ್ಪಿಸುವುದು ಎಷ್ಟು ಸಲ? ಹತ್ತನ್ನು ಹತ್ತರಿಂದ ಗುಣಿಸಿ ನೂರು ದಿನಕ್ಕೊಮ್ಮೆ ಎನ್ನುತ್ತೇವೆ. ಇಬ್ಬರ ರಜೆಯೂ ಸ್ವತಂತ್ರವಾಗಿದ್ದರೆ ಮಾತ್ರ ಇದು ಸರಿ. ಇಬ್ಬರೂ ಒಂದೇ ಊರಿನವರಾದರೆ ಜಾತ್ರೆಯೂ ಒಂದೇ, ಮದುವೆಯೂ ಒಂದೇ. ಒಬ್ಬನು ಬಾರದ ದಿನಗಳಲ್ಲಿ ಅರ್ಧದಷ್ಟು ದಿನ ಇನ್ನೊಬ್ಬನೂ ಬರುವುದಿಲ್ಲವೆಂದರೆ, ನೂರು ದಿನದಲ್ಲಿ 5 ದಿನ ದೋಸೆ ಕಲ್ಲು ತಣ್ಣಗಿರುತ್ತದೆ.

2005ರ ಜುಲೈ 26-27ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು ಲೋಕಲ್ ರೈಲು, ರಸ್ತೆ ಎಲ್ಲವೂ ನಿಂತವು. ಅಂಥ ದಿನ ಹಾಲು, ತರಕಾರಿ, ಕೆಲಸಗಾರರು ಬೇರೆ ಬೇರೆಯಾಗಿ ಕೈಕೊಡುವುದಿಲ್ಲ, ಕಾರಣ ಒಂದೇ ಆದ್ದರಿಂದ ಒಟ್ಟಿಗೇ ಕೈಕೊಡುತ್ತಾರೆ. ಬದಲಿ ವ್ಯವಸ್ಥೆ ಬೇರೆ ದಾರಿಯಿಂದ ಬರುವಂತಿದ್ದರೆ ಮಾತ್ರ ಅದು ಬದಲಿ.

ಕಳ್ಳನೆನ್ನುವ ಮೊದಲು

60 ದಿನಗಳಲ್ಲಿ ಇಬ್ಬರು ಕ್ಯಾಷಿಯರುಗಳು ತಲಾ 30 ದಿನ ಗಲ್ಲಾದಲ್ಲಿ ಕುಳಿತಿದ್ದಾರೆ. ಹಳಬನ ಪಾಳಿಯಲ್ಲಿ 13 ದಿನ ಹಣ ಕಡಿಮೆ ಬಂದಿದೆ, ಹೊಸಬನ ಪಾಳಿಯಲ್ಲಿ 8 ದಿನ. ಹಳಬನ ಮೇಲೆ ಸಂಶಯ ಬರುವುದು ಸಹಜ. ಈಗ ರಶ್ ದಿನಗಳನ್ನು ಬೇರೆ ಮಾಡಿ ನೋಡೋಣ.

ರಶ್ ದಿನ: ಹಳಬ 20ರಲ್ಲಿ 12, ಹೊಸಬ 10ರಲ್ಲಿ 6. ಇಬ್ಬರದೂ ಶೇ. 60.
ಸಾಧಾರಣ ದಿನ: ಹಳಬ 10ರಲ್ಲಿ 1, ಹೊಸಬ 20ರಲ್ಲಿ 2. ಇಬ್ಬರದೂ ಶೇ. 10.

ದಿನ ಎಂಥದೆಂದು ತಿಳಿದ ಮೇಲೆ, ಕುಳಿತವನು ಯಾರೆಂಬುದರಿಂದ ಏನೂ ವ್ಯತ್ಯಾಸವಿಲ್ಲ. ಹಣ ಕಡಿಮೆ ಬರುವುದು ರಶ್ ದಿನದಲ್ಲಿ. ನಂಬಿಕಸ್ಥನೆಂದು ರಶ್ ದಿನಕ್ಕೆ ಹಳಬನನ್ನೇ ಹೆಚ್ಚು ಕೂರಿಸಿದವರು ನಾವು! ಆ ದಿನಗಳಲ್ಲಿ ಚಿಲ್ಲರೆ ಮೊದಲೇ ತರಿಸಿ, ಬಿಲ್ಲು ನೋಡಲು ಇನ್ನೊಬ್ಬನನ್ನು ನಿಲ್ಲಿಸಿ ನೋಡುವುದು ಮೊದಲ ಪರಿಹಾರ. ಹೋದ ಕೆಲಸ ಇನ್ನೊಂದು ಹೋಟೆಲಿನಲ್ಲಿ ಸಿಗಬಹುದು. ಕಳ್ಳನೆಂಬ ಹೆಸರು ಮಾತ್ರ ಊರಿನ ಮನೆಯವರೆಗೂ ಹೋಗುತ್ತದೆ.

ನಿಜವಾದ ಅಂಕಿಗಳು ಇಷ್ಟು ಸರಿಯಾಗಿ ಹೊಂದುವುದಿಲ್ಲ. ಒಂದೆರಡು ದಿನದ ವ್ಯತ್ಯಾಸವನ್ನು ದೊಡ್ಡದು ಮಾಡಬಾರದು. ಲೆಕ್ಕ ಯಾರನ್ನೂ ಸಾಚಾ ಎಂದು ಸಾಬೀತು ಮಾಡುವುದೂ ಇಲ್ಲ. ಆದರೆ ಸಂಶಯಕ್ಕೆ ಆಧಾರವಿದೆಯೇ ಎಂದು ತಿಳಿಸುತ್ತದೆ.

ಈ ತಿಂಗಳಿಂದ ಗಲ್ಲಾದ ಬಳಿ ಒಂದು ನೋಟ್‌ಬುಕ್ ಇಡೋಣ. ದಿನಾಂಕ, ಕುಳಿತವರು, ರಶ್ ಇತ್ತೇ, ಹಣ ಸರಿಯಿತ್ತೇ ಎಂದು ನಾಲ್ಕು ಕಲಮು ಸಾಕು. ಎರಡು ತಿಂಗಳ ನಂತರ ಮೊದಲು ಬೇರ್ಪಡಿಸಿ, ಆಮೇಲೆ ಎಣಿಸೋಣ. ಮಾತನಾಡುವುದು ಅದರ ನಂತರ.