ರೋಗಿಯ ಕ್ಷೇಮವೂ ದಾದಿಯ ಕ್ಷೇಮವೂ: ಎರಡು ಆಸ್ಪತ್ರೆ ಸಂಶೋಧನೆಗಳ ವಿಚಾರ

ಆಸ್ಪತ್ರೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಔಷಧಗಳ ಶೋಧನೆಯನ್ನೂ ಶಸ್ತ್ರವೈದ್ಯದ ಮುನ್ನಡೆಯನ್ನೂ ಕಟ್ಟಡಗಳ ವಿಸ್ತಾರವನ್ನೂ ವರ್ಣಿಸುತ್ತಾರೆ. ಅಲ್ಲಿ ಹಗಲಿರುಳು ದುಡಿಯುವವರ ಮನಃಸ್ಥಿತಿಗೂ ಮಲಗಿರುವವರು ಗುಣಹೊಂದುವುದಕ್ಕೂ ಏನಾದರೂ ಸಂಬಂಧವುಂಟೇ ಎಂಬ ಪ್ರಶ್ನೆ ಬಹುಕಾಲ ಯಾರ ವ್ಯಾಸಂಗಕ್ಕೂ ವಿಷಯವಾಗಲಿಲ್ಲ. ದಾದಿಯ ದಣಿವು ಅವಳ ಸ್ವಂತ ವಿಷಯವೆಂದೂ ರೋಗಿಯ ಕಳವಳ ರೋಗದ ಒಂದು ಅಂಗವೆಂದೂ ತಿಳಿಯಲಾಗಿತ್ತು. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ತೋರಿಸಿಕೊಟ್ಟ ಎರಡು ಸಂಶೋಧನೆಗಳು 1960ರ ಆಸುಪಾಸಿನಲ್ಲಿ ಬ್ರಿಟನ್ನಿನಿಂದ ಬಂದುವು. ಅಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ, ಆಸ್ಪತ್ರೆಗಳು ಬಹುಮಟ್ಟಿಗೆ ಸರ್ಕಾರದ ಹೊಣೆಗೆ ಬಂದಿದ್ದುವು. ದಾದಿಯರ ಅಭಾವವು ರಾಷ್ಟ್ರದ ಚಿಂತೆಯಾಗಿತ್ತು.

ಮೊದಲನೆಯದು ಇಸಬೆಲ್ ಮೆಂಜೀಸರದು. ಮನೋವಿಶ್ಲೇಷಣೆಯಲ್ಲಿ ಶಿಕ್ಷಣ ಪಡೆದಿದ್ದ ಈಕೆ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದರು. ಲಂಡನ್ನಿನ ಒಂದು ಬೋಧನಾಸ್ಪತ್ರೆಯವರು ತಮ್ಮ ದಾದಿಯರನ್ನು ಕೆಲಸಗಳಿಗೆ ಹಂಚುವ ಪದ್ಧತಿಯೇ ಕುಸಿದುಬೀಳುವ ಹಾಗಿದೆಯೆಂದು ಆ ಸಂಸ್ಥೆಯ ಸಹಾಯ ಕೇಳಿದ್ದರು. ಅಲ್ಲಿದ್ದ ಸುಮಾರು 700 ಮಂದಿ ದಾದಿಯರಲ್ಲಿ ತರಬೇತಿ ಮುಗಿಸಿದವರು 150 ಮಂದಿ ಮಾತ್ರ; ಉಳಿದವರೆಲ್ಲ ವಿದ್ಯಾರ್ಥಿನಿಯರು. ಅವರಲ್ಲಿ ಮೂರನೆಯ ಒಂದು ಪಾಲು ತರಬೇತಿಯನ್ನು ಮುಗಿಸುತ್ತಲೇ ಇರಲಿಲ್ಲ.

ಮೆಂಜೀಸರು ಕಂಡದ್ದೇನು? ಹದಿಹರೆಯವನ್ನು ದಾಟಿದ ಹುಡುಗಿಯೊಬ್ಬಳು ಸಾವನ್ನೂ ನೋವನ್ನೂ, ಜುಗುಪ್ಸೆ ಹುಟ್ಟಿಸುವ ಕೆಲಸಗಳನ್ನೂ ದಿನವೂ ಎದುರಿಸಬೇಕು. ಅದರಿಂದ ಹುಟ್ಟುವ ಆತಂಕ ಅತಿ ತೀವ್ರವಾದದ್ದು. ಆ ಆತಂಕವನ್ನು ತಾಳಿಕೊಳ್ಳಲು ಅವಳಿಗೆ ಯಾರೂ ನೆರವಾಗುತ್ತಿರಲಿಲ್ಲ. ಅದು ಮೇಲೇಳದಂತೆ ಇಡೀ ಆಸ್ಪತ್ರೆಯ ವ್ಯವಸ್ಥೆಯೇ ತನಗರಿವಿಲ್ಲದೆ ರೂಪುಗೊಂಡಿತ್ತು. ಒಬ್ಬ ದಾದಿಗೆ ಒಬ್ಬ ರೋಗಿಯ ಪೂರ್ಣ ಶುಶ್ರೂಷೆ ದೊರೆಯದು. ಅನೇಕರಿಗೆ ಒಂದೇ ಬಗೆಯ ಚಿಕ್ಕ ಕೆಲಸವನ್ನು ಅವಳು ಮಾಡುತ್ತಾ ಹೋಗಬೇಕು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಸೂಚಿಸುವುದುಂಟು. ಒಂದು ವಾರ್ಡಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದಕ್ಕೆ ವರ್ಗ. ತೀರ್ಮಾನಿಸುವ ಭಾರ ಯಾರ ಮೇಲೂ ಬೀಳದಂತೆ ಒಂದೇ ವಿಷಯವನ್ನು ಹಲವರು ಮತ್ತೆ ಮತ್ತೆ ಪರೀಕ್ಷಿಸುವುದು. ಸಣ್ಣ ತೀರ್ಮಾನವನ್ನೂ ಮೇಲಿನವರಿಗೆ ಒಪ್ಪಿಸುವುದು. ಒಳ್ಳೆಯ ದಾದಿ ಯಾವ ರೋಗಿಗೂ ಅಂಟಿಕೊಳ್ಳಳು ಎಂಬುದು ಅಲ್ಲಿಯ ನಂಬಿಕೆ.

ಆಸ್ಪತ್ರೆಯವರು ಇವುಗಳನ್ನು ದಕ್ಷತೆಯ ಲಕ್ಷಣಗಳೆಂದು ತಿಳಿದಿದ್ದರು. ಇವು ಆತಂಕದ ವಿರುದ್ಧ ಕಟ್ಟಿಕೊಂಡ ಕೋಟೆಗಳು ಎಂದು ಮೆಂಜೀಸರು ವಾದಿಸಿದರು. ಕೋಟೆ ಶತ್ರುವನ್ನು ತಡೆಯಲಿಲ್ಲ, ಒಳಗಿದ್ದವರಿಗೆ ಮಾತ್ರ ಉಸಿರು ಕಟ್ಟಿತು. ತಾನು ಶುಶ್ರೂಷೆ ಮಾಡಿದವನು ಗುಣವಾಗಿ ಮನೆಗೆ ನಡೆದುಹೋಗುವುದನ್ನು ನೋಡುವ ಸಂತೋಷವೂ ಅವಳಿಗೆ ತಪ್ಪಿತು. ಬಿಟ್ಟುಹೋಗುತ್ತಿದ್ದವರಲ್ಲಿ ಅನೇಕರು ಉತ್ತಮ ವಿದ್ಯಾರ್ಥಿನಿಯರೇ ಆಗಿದ್ದರೆಂಬ ಅವರ ಮಾತು ಗಮನಾರ್ಹವಾಗಿದೆ.

ಎರಡನೆಯ ಸಂಶೋಧಕ ರೆಜಿನಾಲ್ಡ್ ರೆವಾನ್ಸರ ಮಾರ್ಗವೇ ಬೇರೆ. ಇವರು ಕೇಂಬ್ರಿಜ್ಜಿನಲ್ಲಿ ಭೌತಶಾಸ್ತ್ರವನ್ನು ಓದಿದವರು. 1928ರ ಒಲಿಂಪಿಕ್ ಕ್ರೀಡೆಗಳಲ್ಲಿ ಜಿಗಿತದ ಸ್ಪರ್ಧಿ. ಆಮೇಲೆ ಕಲ್ಲಿದ್ದಲ ಗಣಿಗಳ ಆಡಳಿತದಲ್ಲಿ ಶಿಕ್ಷಣಾಧಿಕಾರಿ. 1955ರಿಂದ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅಲ್ಲಿಯ ಪ್ರಾಂತದ ಆಸ್ಪತ್ರೆಗಳನ್ನು ಹೋಲಿಸಿನೋಡಿ, 1964ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಯಾರ ಒಳಮನಸ್ಸನ್ನೂ ಕೆದಕಲು ಹೋಗಲಿಲ್ಲ, ದಾಖಲೆಗಳನ್ನು ತೆರೆದರು. ದಾದಿಯರು ಎಷ್ಟು ಕಾಲ ನಿಲ್ಲುತ್ತಾರೆ, ರೋಗಿಗಳು ಎಷ್ಟು ದಿನ ಮಲಗಿರುತ್ತಾರೆ ಎಂಬ ಶುಷ್ಕ ಸಂಖ್ಯೆಗಳವು. ಇತಿಹಾಸವನ್ನು ಬೋಧಿಸುವ ನನ್ನಂಥವನಿಗೆ ಈ ರೀತಿಯಲ್ಲಿ ವಿಶೇಷ ಪ್ರೀತಿ. ನಮಗೂ ಬಹುವೇಳೆ ಹಳೆಯ ಕಡತಗಳೇ ಗತಿ. ಆ ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟಾಗ, ದಾದಿಯರು ನೆಲೆನಿಂತ ಆಸ್ಪತ್ರೆಗಳಲ್ಲಿ ರೋಗಿಗಳು ಬೇಗ ಮನೆಗೆ ಹೋಗುವುದು ಕಂಡಿತು.

ಕಾರಣವನ್ನು ರೆವಾನ್ಸರು ಪ್ರಶ್ನೆ ಕೇಳುವ ಸ್ವಾತಂತ್ರ್ಯದಲ್ಲಿ ಹುಡುಕಿದರು. ರೋಗಿ ತನ್ನ ಸ್ಥಿತಿಯೇನೆಂದು ವಿದ್ಯಾರ್ಥಿನಿಯನ್ನು ಕೇಳುತ್ತಾನೆ; ಅವಳಿಗೆ ತಿಳಿಯದು, ಹಿರಿಯ ದಾದಿಯನ್ನು ಕೇಳಲು ಹೆದರಿಕೆ; ಹಿರಿಯಳಿಗೋ ವೈದ್ಯರು ಏನನ್ನೂ ಹೇಳಿಲ್ಲ. ಮೇಲಿನ ಮೌನ ಮೆಟ್ಟಿಲಿಳಿದು ಹಾಸಿಗೆಯವರೆಗೆ ಬರುತ್ತದೆ. ಆದರೆ ಇಲ್ಲಿ ಓದುಗರು ಎಚ್ಚರ ವಹಿಸಬೇಕು. ಎರಡು ಸಂಗತಿಗಳು ಜೊತೆಯಲ್ಲಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಠಿನ ರೋಗಗಳವರೇ ಹೆಚ್ಚಾಗಿ ಸೇರುವ ಆಸ್ಪತ್ರೆಯಲ್ಲಿ ದಾದಿಯರು ದಣಿಯುವುದೂ ರೋಗಿಗಳು ಹೆಚ್ಚು ದಿನ ಉಳಿಯುವುದೂ ಸಹಜ. ಗ್ರಂಥದ ಹೆಸರಿನಲ್ಲಿಯೇ ಕಾರ್ಯಕಾರಣಗಳ ಮಾತನ್ನು ಸೇರಿಸಿದ್ದು ಆತುರವೆಂದೇ ನನ್ನ ಅಭಿಪ್ರಾಯ.

ರೋಗಿಗಳ ತೀವ್ರತೆಯ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡು ಇದೇ ಪ್ರಶ್ನೆಯನ್ನು ಪರೀಕ್ಷಿಸಿದವರಲ್ಲಿ ಅಮೆರಿಕದ ಲಿಂಡಾ ಐಕನ್ ಮತ್ತು ಸಂಗಡಿಗರು ಮುಖ್ಯರು. ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಬಗೆಗಿನ ಅವರ ಲೇಖನ 2002ರಲ್ಲಿ ಹೊರಬಂದಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟೂ, ದಾದಿಯು ಮನಸ್ಸು ಬತ್ತಿ ಬಸವಳಿಯುವ ಸಂಭವ ಶೇಕಡಾ 23ರಷ್ಟೂ ಏರುತ್ತಿದ್ದುವು. ಒಂದೇ ಹೊರೆ ಇಬ್ಬರ ಮೇಲೂ ಬಿದ್ದುದು ಇಲ್ಲಿ ಸ್ಪಷ್ಟವಾಗಿದೆ. ಇದೂ ಒಂದು ಕಾಲದ, ಒಂದು ರಾಜ್ಯದ ಚಿತ್ರವೆಂಬುದು ನಿಜ. ಆದರೂ ಮ್ಯಾಂಚೆಸ್ಟರಿನ ಊಹೆಗೆ ಇದರಿಂದ ಬಲ ಬಂದಿತು.

ದಾದಿಯೊಬ್ಬಳಿಗೆ ಎಷ್ಟು ಮಂದಿ ರೋಗಿಗಳೆಂಬುದನ್ನು ಕ್ಯಾಲಿಫೋರ್ನಿಯಾ ರಾಜ್ಯವು 1999ರ ಶಾಸನದ ಮೂಲಕ ನಿಯಂತ್ರಿಸಲು ಹೊರಟು, 2004ರಿಂದ ಆಚರಣೆಗೆ ತಂದಿತು; ವೇಲ್ಸ್ ನಾಡು ದಾದಿಯರ ಸಂಖ್ಯೆಯನ್ನು ಕುರಿತು 2016ರಲ್ಲಿ ತನ್ನದೇ ಶಾಸನ ಮಾಡಿತು. ಸಂಖ್ಯೆಯನ್ನು ಶಾಸನದಿಂದ ಗೊತ್ತುಮಾಡಬಹುದು. ಮೆಂಜೀಸರು ಕಂಡ ಆತಂಕವೂ ರೆವಾನ್ಸರು ಕಂಡ ಮೌನವೂ ಸಂಖ್ಯೆಯ ಹಿಡಿತಕ್ಕೆ ಅಷ್ಟು ಸುಲಭವಾಗಿ ಸಿಕ್ಕುವಂಥವಲ್ಲ. ಮೆಂಜೀಸರ ವರದಿಯನ್ನು ಕೇಳಿಸಿಕೊಂಡ ಆ ಲಂಡನ್ ಆಸ್ಪತ್ರೆಯಲ್ಲಿಯೇ ಮೂಲ ವ್ಯವಸ್ಥೆ ಹೆಚ್ಚೇನೂ ಬದಲಾಗಲಿಲ್ಲ.