ಪಿತ್ತನಾಳದ ಅರ್ಬುದ ಮತ್ತು ಅಂಗಾಂಶ ಪರೀಕ್ಷೆ

ಹೋದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಕೈಯಲ್ಲೊಂದು ಕಾಗದ ಹಿಡಿದು ಶಾಲೆಗೆ ಬಂದರು. ಕಣ್ಣುಗಳು ಹಳದಿಯಾಗಿದ್ದವು. “ಪರೀಕ್ಷೆಯಲ್ಲಿ ಅರ್ಬುದ ಕಂಡಿಲ್ಲವೆಂದು ಬರೆದಿದೆ, ಆದರೂ ಮತ್ತೆ ಬರಹೇಳುತ್ತಾರೆ, ಏಕೆ ಮೇಷ್ಟ್ರೆ?” ಎಂದು ಕೇಳಿದರು. ಆ ಪ್ರಶ್ನೆಗೆ ನಾವು ತಿಳಿದುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವು ಸಣ್ಣ ನಾಳಗಳಿಂದ ದೊಡ್ಡ ನಾಳಕ್ಕೆ ಕೂಡಿ ಕರುಳನ್ನು ಸೇರುತ್ತದೆ. ಓಡೈಪಟ್ಟಿಯ ದ್ರಾಕ್ಷಿ ತೋಟದ ಕಾಲುವೆಯಲ್ಲಿ ಮಣ್ಣು ಕುಸಿದರೆ ನೀರು ಹಿಂದಕ್ಕೆ ನಿಲ್ಲುವುದಷ್ಟೆ? ಹಾಗೆಯೇ ನಾಳವು ಕಟ್ಟಿದರೆ ಪಿತ್ತವು ರಕ್ತಕ್ಕೆ ಸೇರಿ ಕಾಮಾಲೆ ತೋರುತ್ತದೆ. ಮೂತ್ರ ಕಪ್ಪಾಗುತ್ತದೆ, ಮಲ ಬಿಳಿಚುತ್ತದೆ, ಮೈ ತುರಿಸುತ್ತದೆ. ಇಂತಹ ಕಾಮಾಲೆಗೆ ಸೊಪ್ಪಿನ ರಸ ಕುಡಿಸುತ್ತ ತಿಂಗಳು ಕಳೆಯುವುದು ಅಪಾಯ. ಕಟ್ಟಿರುವುದು ಕಲ್ಲೋ, ಉರಿಯೂತವೋ, ಅರ್ಬುದವೋ? ಸ್ಕ್ಯಾನ್ ತಡೆಯ ಸ್ಥಳವನ್ನು ತೋರಿಸೀತು. ಅದರ ಜಾತಿಯನ್ನು ನಿಶ್ಚಯಿಸಲು ಬಹುಮಟ್ಟಿಗೆ ಅಂಗಾಂಶವೇ ಬೇಕು. ರೋಗದ ನೆಲೆಯನ್ನು ಜೀವಕೋಶದಲ್ಲಿ ಹುಡುಕಬೇಕೆಂದು ಜರ್ಮನಿಯ ರುಡಾಲ್ಫ್ ವಿರ್ಖೋ 1858ರಲ್ಲೇ ಬೋಧಿಸಿದ್ದನು.

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳದ ಒಳಗೋಡೆಯನ್ನು ಪುಟ್ಟ ಕುಂಚದಿಂದ ಉಜ್ಜಿ ಕೋಶಗಳನ್ನು ತೆಗೆಯುವರು. ಇಲ್ಲವೆ ಚಿಮಟದಿಂದ ಎಳ್ಳಿನಷ್ಟು ಚೂರನ್ನು ಕೀಳುವರು. ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ನೀಗಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ 1000 ಭಾಗಗಳಲ್ಲಿ 4-5 ಭಾಗದಷ್ಟು ತೆಳುವಾಗಿ ಸೀಳುವರು. ವರದಿ ಬರಲು ಇಷ್ಟು ದಿನವೇಕೆಂದು ಸಿಡುಕುವವರು ಈ ಕೆಲಸವನ್ನು ಒಮ್ಮೆ ನೋಡಬೇಕು! ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ದೊರೆಯುವ ಹೆಮಟಾಕ್ಸಿಲಿನ್ ಕೋಶಕೇಂದ್ರಗಳಿಗೆ ನೀಲಿ ಬಣ್ಣವನ್ನೂ, ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ ಬಣ್ಣವನ್ನೂ ಕೊಡುತ್ತವೆ. ಆರೋಗ್ಯವಂತ ನಾಳದ ಕೋಶಗಳು ಪ್ರಾರ್ಥನೆಯ ಸಾಲಿನ ಮಕ್ಕಳಂತೆ ಒಪ್ಪವಾಗಿ ನಿಂತಿರುತ್ತವೆ. ಅರ್ಬುದದಲ್ಲಿ ಕೋಶಕೇಂದ್ರಗಳು ಉಬ್ಬಿ, ಒಂದರಂತೆ ಒಂದಿರದೆ, ಸಾಲು ಮುರಿದು ನೆರೆಯ ಅಂಗಾಂಶಕ್ಕೆ ನುಗ್ಗಿರುತ್ತವೆ.

ಆದರೆ ಈ ಅರ್ಬುದಕ್ಕೊಂದು ಕಪಟವಿದೆ. ಅದು ತನ್ನ ಸುತ್ತ ಗಟ್ಟಿಯಾದ ನಾರನ್ನು ಬೆಳೆಸಿಕೊಂಡು, ಅದರ ನಡುವೆ ಅಲ್ಲೊಂದು ಇಲ್ಲೊಂದು ಕೋಶವಾಗಿ ಅಡಗಿರುತ್ತದೆ. ಕುಂಚಕ್ಕೆ ನಾರು ಮಾತ್ರ ತಾಕಿದರೆ ಕೋಶ ಸಿಕ್ಕದು. ಕುಂಚದ ಪರೀಕ್ಷೆ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಹೀಗೆ ಬರಿಗೈಯಲ್ಲಿ ಮರಳುತ್ತದೆ. ‘ಕಂಡಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ.

ಇದನ್ನೇ ನಾವು ಆ ತಂದೆಗೆ ಹೇಳಿದೆವು. ಅವರು ಮರುದಿನವೇ ಬಸ್ಸು ಹತ್ತಿದರು. ಎರಡನೆಯ ಸಲ ತೆಗೆದ ಚೂರಿನಲ್ಲಿ ಅರ್ಬುದದ ಕೋಶಗಳು ಕಂಡವು. ಶಸ್ತ್ರಕ್ರಿಯೆಗೆ ಇನ್ನೂ ಕಾಲ ಮೀರಿರಲಿಲ್ಲ. ಕತ್ತರಿಸಿ ತೆಗೆದ ನಾಳದ ಅಂಚಿನಲ್ಲಿ ಕೋಶಗಳೇನಾದರೂ ಉಳಿದಿವೆಯೇ ಎಂಬುದನ್ನೂ ಅದೇ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು.