ಚಿತ್ರವೇಕೆ ತಡವರಿಸಿತು?

ಆನ್‌ಲೈನ್ ಆಟವೆಂದ ಕೂಡಲೇ ಹುಬ್ಬು ಗಂಟಿಕ್ಕುವ ಅಧ್ಯಾಪಕರು ನಮ್ಮಲ್ಲಿ ಉಂಟು. ಅವರ ಕ್ಷಮೆ ಬೇಡಿಯೇ ಆರಂಭಿಸುತ್ತೇನೆ. ನಾನು ಹೇಳಹೊರಟಿರುವುದು ಆಟದ ಗುಣಗಾನವಲ್ಲ. ಆಟದ ನೆಪದಿಂದ ನನ್ನ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಸಂಗತಿ ತಿಳಿದ ಬಗೆ.

ಆ ಲ್ಯಾಪ್‌ಟಾಪನ್ನು ಅಕ್ಕ ಚೀಟಿ ಎತ್ತಿದ ಹಣದಲ್ಲಿ ಕೊಡಿಸಿದ್ದಳು. ಅದೂ ಯಾರೋ ಬಳಸಿ ಬಿಟ್ಟದ್ದು. ಕಳೆದ ವರ್ಷ ದಸರೆಯ ಅನಂತರ ಹಾಸ್ಟೆಲಿನ ನಾವು ಐವರು ಕೌಂಟರ್-ಸ್ಟ್ರೈಕ್ 2 ಆಡುವಾಗ ಚಿತ್ರ ತಡವರಿಸತೊಡಗಿತು. ಎದುರಾಳಿ ಬಾಗಿಲ ಮರೆಯಿಂದ ಹೊರಬಂದದ್ದು ಕಾಣುವುದರೊಳಗಾಗಿ ನಾನು ಸತ್ತಿರುತ್ತಿದ್ದೆ. "ನಿನ್ನಿಂದಲೇ ಸೋತೆವು ಕಣೋ" ಎಂದರು ಗೆಳೆಯರು. ಅದನ್ನಾದರೂ ಸಹಿಸಬಹುದಿತ್ತು. ಪೇಟೆಯ ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ, "ಗ್ರಾಫಿಕ್ಸ್ ಹೋಗಿದೆ, ಬೋರ್ಡು ಬದಲಿಸಬೇಕು, 9,000 ರೂಪಾಯಿ" ಎಂದುಬಿಟ್ಟರು. ಫೋನಿನಲ್ಲಿ ತಿಳಿಸಿದಾಗ ಅಕ್ಕ, "ಓದಿಗೆ ತೊಂದರೆ ಆಗಬಾರದಲ್ಲ, ಹೇಗಾದರೂ ಕಳಿಸ್ತೀನಿ ಬಿಡೋ" ಎಂದಳು. ತೊಂದರೆ ಓದಿಗಲ್ಲ, ಆಟಕ್ಕೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಣ ಬರುವುದರೊಳಗೆ ದೋಷವನ್ನು ನಾನೇ ಹುಡುಕಬೇಕೆಂದು ನಿಶ್ಚಯಿಸಿದೆ.

ತಡವರಿಕೆಯಲ್ಲಿ ಎರಡು ಬಗೆಯುಂಟು. ಒಂದು, ಇಂಟರ್ನೆಟ್ಟಿನ ವಿಳಂಬ. ಇದನ್ನು 'ಪಿಂಗ್' ಎಂಬ ಅಂಕಿ ತೋರಿಸುತ್ತದೆ. ಇನ್ನೊಂದು, ಯಂತ್ರವೇ ಚಿತ್ರ ಬರೆಯಲು ತಡಮಾಡುವುದು. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೂ ಸಿಗುವ ಅವಕಾಶ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಇವೆರಡನ್ನು ಬೇರ್ಪಡಿಸಲು ಸುಲಭೋಪಾಯವಿದೆ: ಇಂಟರ್ನೆಟ್ಟಿನ ಹಂಗಿಲ್ಲದೆ ಯಂತ್ರದ ಗೊಂಬೆಗಳೊಡನೆ ಅಭ್ಯಾಸದ ಆಟ ಆಡುವುದು. ಆಡಿದೆ, ಚಿತ್ರ ಹಾಗೆಯೇ ತಡವರಿಸಿತು. ಹಾಸ್ಟೆಲಿನ ವೈಫೈಯನ್ನು ಅಷ್ಟು ದಿನ ಶಪಿಸಿದ್ದೆಲ್ಲ ಅನ್ಯಾಯವಾಯಿತು.

ಮುಂದಿನದು ನಿಜವಾಗಿ ಸ್ವಾರಸ್ಯದ್ದು. ಆಟಕ್ಕೆಂದು ಮಾಡಿದ ಅನೇಕ ಲ್ಯಾಪ್‌ಟಾಪುಗಳಲ್ಲಿ ಚಿತ್ರ ಬರೆಯುವವರು ಇಬ್ಬರು. ಒಬ್ಬ ಮುಖ್ಯ ಪ್ರೊಸೆಸರಿನೊಳಗೇ ವಾಸಿಸುವ ಮಿತಾಹಾರಿ. ಯಂತ್ರದ ರ್‍ಯಾಮಿನಲ್ಲೇ ಪಾಲು ಪಡೆದು ಕೆಲಸ ಸಾಗಿಸುತ್ತಾನೆ. ಇನ್ನೊಬ್ಬ ಸ್ವಂತ ಮೆಮೊರಿಯುಳ್ಳ ಜಟ್ಟಿ. ವಿದ್ಯುತ್ತನ್ನು ಹೆಚ್ಚು ತಿನ್ನುತ್ತಾನೆ. ಬ್ಯಾಟರಿ ಉಳಿಯಲೆಂದು ಸಣ್ಣ ಕೆಲಸವನ್ನೆಲ್ಲ ಮೊದಲನೆಯವನಿಗೆ ಒಪ್ಪಿಸುವುದು ಪದ್ಧತಿ. ಒಮ್ಮೊಮ್ಮೆ ಆಟವೂ ಅವನ ತಲೆಗೇ ಬೀಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ 'ಪರ್ಫಾರ್ಮೆನ್ಸ್' ಪುಟವನ್ನು ತೆರೆದೆ. ಹುಡುಗ ಮೂಟೆ ಹೊತ್ತು ಏದುಸಿರು ಬಿಡುತ್ತಿದ್ದ. ಜಟ್ಟಿ ಗೊರಕೆ ಹೊಡೆಯುತ್ತಿದ್ದ! ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಹೋಗಿ, ಆ ಆಟವನ್ನು ಸೇರಿಸಿ, 'ಹೈ ಪರ್ಫಾರ್ಮೆನ್ಸ್' ಎಂಬುದನ್ನು ಆರಿಸಿದೆ. 2018ರಿಂದ ಈ ಅನುಕೂಲವಿದೆ. ಚಿತ್ರ ನೀರಿನಂತೆ ಹರಿಯಿತು.

ಆದರೆ ಕಾಲು ಗಂಟೆ ಮಾತ್ರ! ಬಳಿಕ ಮತ್ತೆ ಹಳೆಯ ಪಾಡು. ಇದು ಶಾಖದ ಕೆಲಸ. ಚಿಪ್ಪು ತನ್ನ ಮಿತಿಯಷ್ಟು ಕಾದಾಗ ಸುಟ್ಟುಹೋಗದಿರಲೆಂದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ನಾನೋ, ಹಾಸಿಗೆಯ ಮೇಲಿಟ್ಟು ಆಡುತ್ತಿದ್ದವನು. ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತಿದ್ದವು. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರು ತೆಗೆದು, ತಳವನ್ನು ಬಿಚ್ಚಿದರೆ ಫ್ಯಾನಿನ ಬಳಿ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಒಣ ಬ್ರಷ್ಷಿನಿಂದ ತೆಗೆದೆ. ಚಾರ್ಜರು ಹಾಕಿಕೊಂಡೇ ಆಡಬೇಕೆಂಬುದೂ ಆಗಲೇ ತಿಳಿದದ್ದು. ಬರಿಯ ಬ್ಯಾಟರಿಯ ಮೇಲೆ ಜಟ್ಟಿಗೆ ಹೊಟ್ಟೆತುಂಬ ಊಟವಿಲ್ಲ. ತಯಾರಕರ ತಾಣದಿಂದಲೇ ಹೊಸ ಡ್ರೈವರನ್ನೂ ಹಾಕಿಕೊಂಡೆ.

ಹಾಗಾದರೆ ಗ್ರಾಫಿಕ್ಸ್ ನಿಜವಾಗಿ ಕೆಡುವುದೇ ಇಲ್ಲವೆ? ಕೆಡುತ್ತದೆ. ವಿಂಡೋಸ್ ಏಳುವ ಮೊದಲೇ ಪರದೆಯ ಮೇಲೆ ಪಟ್ಟೆ, ಚುಕ್ಕೆಗಳು ಮೂಡಿದರೆ, ಹೊರಗಿನ ಮಾನಿಟರಿಗೆ ಜೋಡಿಸಿದಾಗಲೂ ಅವು ಹೋಗದಿದ್ದರೆ, ಬೋರ್ಡಿನ ಮೇಲೆ ಸಂಶಯಪಡುವುದು ನ್ಯಾಯ. ಹೊರಗಿನ ಮಾನಿಟರಿನಲ್ಲಿ ಚಿತ್ರ ಶುದ್ಧವಾಗಿದ್ದರೆ ದೋಷ ಪರದೆಯದೋ ಅದರ ಕೇಬಲಿನದೋ ಇರಬೇಕು. ಅಂಗಡಿಯವರು ಇಷ್ಟನ್ನು ಐದು ನಿಮಿಷದಲ್ಲಿ ನೋಡಬಹುದಾಗಿತ್ತು.

ಬ್ರಷ್ಷಿಗೆ 20 ರೂಪಾಯಿ ಆಯಿತು. ಅಂದೇ ಅಕ್ಕನಿಗೆ ಫೋನು ಮಾಡಿ ಹಣ ಬೇಡವೆಂದೆ. ಯಾವುದಕ್ಕೆ ತೊಂದರೆಯಾಗಿತ್ತೆಂಬುದನ್ನೂ ಹೇಳಿದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಪರೀಕ್ಷೆ ಯಾವತ್ತೋ?" ಎಂದು ಕೇಳಿದಳು.